ಪಾಳಿಯ ಕೂಗು

ಕೋಲಾರ ಚಿನ್ನದ ಗಣಿಯ ಚರಿತ್ರೆ ಬರೆದವರು ಚಿನ್ನವನ್ನು ತೂಗಿದರು. ಅದರ ನೆತ್ತಿಯ ಮೇಲೆ ಒಲೆ ಹೂಡಿದ ಹೆಂಗಸರ ಮಾತೆತ್ತಿದ್ದು ಕಡಿಮೆ. 1880ರಲ್ಲಿ ಜಾನ್ ಟೇಲರ್ ಕಂಪನಿ, 1894ರಲ್ಲಿ ಬೌರಿಂಗ್‌ಪೇಟೆಯಿಂದ ರೈಲು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು—ಇವೆಲ್ಲ ದಾಖಲೆಯಲ್ಲಿವೆ. ಆ ರೈಲಿನಲ್ಲಿ ಮದುಮಗಳಾಗಿ ಬಂದ ನನ್ನಜ್ಜಿಗೆ ಇಸವಿಗಳು ತಿಳಿಯವು. ಪಾಳಿಯ ಸೈರನ್ನೇ ಆಕೆಯ ಗಡಿಯಾರ. ತವರನ್ನು ಮಾತ್ರ ಬಂಗಾರಪೇಟೆ ಎನ್ನದೆ, ಕಮಿಷನರ್ ಬೌರಿಂಗರ ಹೆಸರಿನಿಂದಲೇ ಕೊನೆಯವರೆಗೂ ಕರೆದಳು.

ಲೈನುಮನೆಗಳಿಗೆ ನಡುಗೋಡೆ ಒಂದೇ. ಪಕ್ಕದವರದು ತಮಿಳು, ಎದುರಿನವರದು ತೆಲುಗು, ಅಜ್ಜಿಯದು ಕನ್ನಡ. ರಾಗಿಹಿಟ್ಟು ಕಡ ಕೇಳುವಾಗ ಮೂರೂ ಬೆರೆಯುತ್ತಿದ್ದವು.

ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಮಿಕ್ಕದ್ದು. ಕೆಳಗೆ ಬಂಡೆ ಸಿಡಿದರೆ ಮೇಲೆ ನೆಲ ನಡುಗಿ ತಪ್ಪಲೆಗಳು ಸದ್ದುಮಾಡುತ್ತಿದ್ದವು. ಹೆಂಗಸರು ಒಲೆಯ ಸೌದೆಯನ್ನು ಹಿಂದಕ್ಕೆಳೆದು ಶಾಫ್ಟಿನ ಕಡೆ ನಡೆಯುತ್ತಿದ್ದರು. ಯಾರೂ ತಮ್ಮವರ ಹೆಸರೆತ್ತಿ ಕೇಳುತ್ತಿರಲಿಲ್ಲ. ಗಂಡಸರು ಒಬ್ಬೊಬ್ಬರಾಗಿ ಮೇಲೆ ಬಂದಂತೆ ಅವರವರ ಮನೆಯವರು ಹಿಂತಿರುಗುವರು. ತಾತ ಬಂದ ಮೇಲೂ ಅಜ್ಜಿ ನಿಂತೇ ಇರುತ್ತಿದ್ದಳು. “ಕಡೆಯವಳೊಬ್ಬಳನ್ನೇ ಬಿಟ್ಟು ಹೇಗೆ ಬರಲಿ?” ಎನ್ನುವಳು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಪಾಳಿಗಳು ನಿಂತ ಮೇಲೆ, ಹೊತ್ತೆಷ್ಟಾಯಿತೆಂದು ಅಜ್ಜಿ ನಮ್ಮನ್ನು ಕೇಳತೊಡಗಿದಳು.