ರಿಮೂವ್ ಮಾಡಿದರೂ ಉಳಿಯುವ ಫೈಲ್‌ಗಳು: ಡೆಬಿಯನ್‌ನ ಒಂದು ಹಳೆಯ ತೀರ್ಮಾನ

ಪುಣೆಯಲ್ಲಿ ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನು ಮಾಡಿದ ಒಂದು ತಪ್ಪಿನಿಂದಲೇ ಇವತ್ತಿನ ಇತಿಹಾಸ ಶುರು ಮಾಡ್ತೀನಿ.

ಹಳೇ ಡೆಬಿಯನ್ ಸರ್ವರ್ ಒಂದರಲ್ಲಿ ಡಿಪಿಕೆಜಿ ಪಟ್ಟಿ ತೆಗೆದೆ. ಎಷ್ಟೋ ಸಾಲುಗಳ ಮುಂದೆ 'ಆರ್‌ಸಿ' ಅಂತಿತ್ತು. ಅಂದ್ರೆ, ಪ್ಯಾಕೇಜ್ ತೆಗೆದಾಗಿದೆ, ಅದರ ಕಾನ್ಫಿಗರೇಶನ್ ಮಾತ್ರ ಉಳಿದಿದೆ. ಕಸ ಅಂದುಕೊಂಡು ಒಂದೇ ಕಮಾಂಡ್‌ನಲ್ಲಿ ಎಲ್ಲವನ್ನೂ ಪರ್ಜ್ ಮಾಡಿದೆ. ಮೂರು ವಾರದ ಮೇಲೆ ಅದರಲ್ಲೊಂದು ಮೇಲ್ ಸರ್ವರ್ ಮತ್ತೆ ಬೇಕಾಯ್ತು. ಇನ್‌ಸ್ಟಾಲ್ ಏನೋ ಆಯ್ತು. ಆದರೆ ಕೆಲಸ ಬಿಟ್ಟು ಹೋಗಿದ್ದ ಹಿರಿಯರೊಬ್ಬರು ವರ್ಷಗಟ್ಟಲೆ ತಿದ್ದಿದ್ದ ಸೆಟ್ಟಿಂಗ್ಸ್ ಒಂದೂ ಇರಲಿಲ್ಲ. ಯಾವ ಮಿತಿ ಯಾಕೆ ಇಟ್ಟಿದ್ದು ಅಂತ ಅವರು ಬರೆದಿದ್ದ ಕಾಮೆಂಟ್‌ಗಳೂ ಹೋಗಿದ್ದವು. ಬ್ಯಾಕಪ್ ಇರಲಿಲ್ಲ.

ಹಾಗಾದ್ರೆ ರಿಮೂವ್ ಬೇರೆ, ಪರ್ಜ್ ಬೇರೆ ಅಂತ ಯಾಕೆ ಮಾಡಿದರು? ಇದಕ್ಕೆ ತೊಂಬತ್ತರ ದಶಕಕ್ಕೆ ಹೋಗಬೇಕು.

1993ರ ಆಗಸ್ಟ್‌ನಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಡೆಬಿಯನ್ ಘೋಷಿಸಿದರು. ಗೆಳತಿ ಡೆಬ್ರಾ ಮತ್ತು ತಮ್ಮ ಹೆಸರು ಸೇರಿಸಿ ಇಟ್ಟ ಹೆಸರು ಅದು. ಆಗಿನ ಎಸ್‌ಎಲ್‌ಎಸ್ ಎಂಬ ಲಿನಕ್ಸ್ ವಿತರಣೆಯ ಅವ್ಯವಸ್ಥೆ ಅವರಿಗೆ ಬೇಸರ ತರಿಸಿತ್ತು. 1994ರಲ್ಲಿ ಇಯಾನ್ ಜಾಕ್ಸನ್ ಡಿಪಿಕೆಜಿಯ ಮುಖ್ಯ ಭಾಗವನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. ನಾವೆಲ್ಲ ದಿನಾ ಬಳಸುವ ಆಪ್ಟ್ ಬಂದದ್ದು ಆಮೇಲೆ, 1999ರ ಡೆಬಿಯನ್ 2.1ರ ಜೊತೆ.

ಡಿಪಿಕೆಜಿಯಲ್ಲಿ 'ಕಾನ್ಫ್‌ಫೈಲ್' ಅನ್ನೋ ಕಲ್ಪನೆ ಇದೆ. ಪ್ರೋಗ್ರಾಂ ಪ್ಯಾಕೇಜ್ ಮಾಡಿದವರದ್ದು, ಆದರೆ 'ಎಟ್ಸಿ'ಯಲ್ಲಿ ನೀವು ತಿದ್ದಿದ್ದು ನಿಮ್ಮದು. ಅಪ್‌ಗ್ರೇಡ್ ವೇಳೆ ಎಂಡಿ5 ಮೊತ್ತ ಹೋಲಿಸಿ, ಎರಡೂ ಕಡೆ ಬದಲಾಗಿದ್ರೆ ನಿಮ್ಮನ್ನೇ ಕೇಳುತ್ತೆ. ಸುಮ್ಮನೆ ಎಂಟರ್ ಒತ್ತಿದರೆ ನಿಮ್ಮದೇ ಉಳಿಯುತ್ತೆ, ಹೊಸದು 'ಡಿಪಿಕೆಜಿ-ಡಿಸ್ಟ್' ಅನ್ನೋ ಬಾಲ ಹಚ್ಚಿಕೊಂಡು ಪಕ್ಕದಲ್ಲಿ ಕೂರುತ್ತೆ. ಹೊಸದನ್ನು ಒಪ್ಪಿದರೆ ಹಳೆಯದು 'ಡಿಪಿಕೆಜಿ-ಓಲ್ಡ್' ಆಗುತ್ತೆ. ರಿಮೂವ್‌ನದ್ದೂ ಇದೇ ನ್ಯಾಯ: ಪ್ರೋಗ್ರಾಂ ಹೋಗುತ್ತೆ, ನಿಮ್ಮ ಬರಹ ಉಳಿಯುತ್ತೆ, ಮತ್ತೆ ಇನ್‌ಸ್ಟಾಲ್ ಮಾಡಿದಾಗ ಕೆಲಸಕ್ಕೆ ಬರುತ್ತೆ. ನಾನು ಅಳಿಸಿದ್ದು ಅದನ್ನೇ.

ಇದಕ್ಕೂ ಒಂದು ಬೆಲೆ ಇದೆ ನೋಡಿ. ಕ್ರಾನ್ ಫೈಲ್‌ಗಳೂ ಇನಿಟ್ ಸ್ಕ್ರಿಪ್ಟ್‌ಗಳೂ ಕಾನ್ಫ್‌ಫೈಲ್‌ಗಳೇ, ಅವೂ ಉಳೀತವೆ. ಅದಕ್ಕೇ, ಓಡುವ ಮುಂಚೆ ಪ್ರೋಗ್ರಾಂ ಇದೆಯಾ ಅಂತ ಅವು ಪರೀಕ್ಷಿಸಬೇಕು ಅಂತ ಡೆಬಿಯನ್ ಪಾಲಿಸಿಯಲ್ಲೇ ಹೇಳಿದೆ. ವರ್ಷಗಳ ನಂತರ ಹೊಸ ಆವೃತ್ತಿ ಹಾಕಿದಾಗ ಹಳೇ ಸೆಟ್ಟಿಂಗ್ ಎದ್ದು ಬಂದು ಸರ್ವಿಸ್ ಶುರುವಾಗದೇ ಇರೋದೂ ಉಂಟು. ಹಾಗಾಗಿ ಗುಡಿಸಬೇಕು, ಅದರಲ್ಲಿ ಎರಡು ಮಾತಿಲ್ಲ.

ಈಗ ನಾನು ಮಾಡೋದು ಇಷ್ಟು: ಮೊದಲು ಪೂರ್ತಿ 'ಎಟ್ಸಿ'ಗೆ ಒಂದು ಟಾರ್ ಪ್ರತಿ. ಆಮೇಲೆ 'ಆರ್‌ಸಿ' ಪಟ್ಟಿ ಓದಿ, ಕೈಯಿಂದ ತಿದ್ದಿದ್ದು ಯಾವುದು ಅಂತ ನೋಡ್ತೀನಿ. ಪರ್ಜ್ ಸ್ಕ್ರಿಪ್ಟ್ ಕೆಲವು ಸಲ ಡೇಟಾವನ್ನೂ ಅಳಿಸುತ್ತೆ, ಹಾಗಾಗಿ ಡೇಟಾಬೇಸ್ ಪ್ಯಾಕೇಜ್‌ಗಳನ್ನು ಒಂದೊಂದಾಗಿ ತೆಗೀತೀನಿ.

ಆ ಹಿರಿಯರಿಗೆ ಆಮೇಲೆ ಫೋನ್ ಮಾಡಿದ್ದೆ. ಅವರು ನಕ್ಕು, ನೆನಪಿದ್ದಷ್ಟು ಹೇಳಿದರು. ನೆನಪಿದ್ದದ್ದು ಅರ್ಧ ಮಾತ್ರ.