ಪ್ಯಾರಾಶೂಟ್ ಬೇಡ ಅಂದ ಹುಡುಗ

20 ವರ್ಷ, 20 ದಿನ. ಲೆಸ್ಲಿ ಮ್ಯಾನ್ಸರ್ ಈ ಭೂಮಿ ಮೇಲೆ ಇದ್ದದ್ದು ಇಷ್ಟೇ. ನಮ್ಮ ಮನೆಗಳಲ್ಲಿ ಈ ವಯಸ್ಸಿನ ಹುಡುಗ ಇನ್ನೂ ಡಿಗ್ರಿ ಓದ್ತಾ ಇರ್ತಾನೆ. ಅವನ ಕೈಗೆ ಕಾರಿನ ಕೀ ಕೊಡೋಕೂ ಅಪ್ಪ ಎರಡು ಸಲ ಯೋಚಿಸ್ತಾರೆ. 1942ರ ಮೇ 30ರ ರಾತ್ರಿ ಬ್ರಿಟಿಷ್ ವಾಯುಪಡೆ ಇವನ ಕೈಗೆ ಒಂದು ಬಾಂಬರ್ ವಿಮಾನವನ್ನೂ ಅದರೊಳಗಿನ ಆರು ಜನರ ಜೀವವನ್ನೂ ಕೊಟ್ಟು ಜರ್ಮನಿಗೆ ಕಳಿಸಿತು.

ಮ್ಯಾನ್ಸರ್ ಹುಟ್ಟಿದ್ದು ನಮ್ಮ ದೆಹಲಿಯಲ್ಲಿ, 1922ರ ಮೇ 11ರಂದು. ಅಪ್ಪ ಇಲ್ಲಿನ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಎಂಜಿನಿಯರ್. ಮುಂದೆ ಕುಟುಂಬ ಇಂಗ್ಲೆಂಡಿಗೆ ಮರಳಿತು. ಯುದ್ಧ ಶುರುವಾದ ಮೇಲೆ ಹುಡುಗ ಭೂಸೇನೆ ಸೇರಲು ನೋಡಿದ, ನೌಕಾಪಡೆ ಸೇರಲು ನೋಡಿದ. ಎರಡೂ ಕಡೆ ಬೇಡ ಅಂದರು. ಕೊನೆಗೆ 1940ರಲ್ಲಿ ವಾಯುಪಡೆ ಇವನನ್ನು ತೆಗೆದುಕೊಂಡಿತು.

ಆ ರಾತ್ರಿಯದು ಮಾಮೂಲಿ ದಾಳಿಯಾಗಿರಲಿಲ್ಲ. ಬ್ರಿಟನ್ನಿನ ಬಾಂಬರ್‌ಗಳು ಕತ್ತಲಲ್ಲಿ ಗುರಿ ಹುಡುಕಲಾರದೆ ಎಲ್ಲೆಲ್ಲೋ ಬಾಂಬು ಸುರಿದು ಬರುತ್ತಿವೆ ಅನ್ನೋದು ಅದರ ಹಿಂದಿನ ವರ್ಷವೇ ಬಯಲಾಗಿತ್ತು. ಇಷ್ಟು ದುಡ್ಡು ಸುರಿದು ಏನು ಬಂತು ಅಂತ ಕೇಳುವವರು ಹೆಚ್ಚಾಗಿದ್ದರು. ಬಾಂಬರ್ ಕಮಾಂಡಿನ ಹೊಸ ಮುಖ್ಯಸ್ಥ ಆರ್ಥರ್ ಹ್ಯಾರಿಸ್ ಬಾಯಿ ಮುಚ್ಚಿಸಲು ಒಂದು ದಾರಿ ಹುಡುಕಿದರು. ಒಂದೇ ನಗರದ ಮೇಲೆ ಒಂದೇ ರಾತ್ರಿ ಸಾವಿರ ವಿಮಾನ! ಅಷ್ಟು ವಿಮಾನ ಎಲ್ಲಿತ್ತು? ತರಬೇತಿ ಶಾಲೆಗಳನ್ನೂ ಬಿಡದೆ, ಇದ್ದಬದ್ದದ್ದನ್ನೆಲ್ಲ ಗುಡ್ಡೆ ಹಾಕಿದರು. ಮ್ಯಾನ್ಸರ್ ಪಾಲಿಗೆ ಬಂದದ್ದು ಒಂದು ಹಳೆಯ ಮ್ಯಾಂಚೆಸ್ಟರ್ ವಿಮಾನ. ಅದಕ್ಕೆ ಎರಡೇ ಎಂಜಿನ್, ಅವನ್ನೂ ನಂಬುವ ಹಾಗಿರಲಿಲ್ಲ. ಒಂದು ಕೈಕೊಟ್ಟರೆ ಇನ್ನೊಂದರ ಮೇಲೆ ಎತ್ತರ ಕಾಯ್ದುಕೊಳ್ಳುವುದು ಬಹಳ ಕಷ್ಟ.

ಕಲೋನ್ ನಗರದ ಮೇಲೆ ಹೋಗುವಾಗ ಸರ್ಚ್‌ಲೈಟುಗಳು ವಿಮಾನವನ್ನು ಹಿಡಿದುಬಿಟ್ಟವು. ಮ್ಯಾನ್ಸರ್ ಪಕ್ಕಕ್ಕೆ ಸರಿಯಲಿಲ್ಲ. ಸುಮಾರು 7,000 ಅಡಿ ಎತ್ತರದಿಂದ ಬೆಂಕಿ ಬಾಂಬುಗಳನ್ನು ಬೀಳಿಸಿದ. ಅಷ್ಟರಲ್ಲಿ ಕೆಳಗಿನ ಗುಂಡು ತಾಗಿತ್ತು, ಹಿಂದಿನ ಗನ್ನರ್‌ಗೆ ಗಾಯವಾಗಿತ್ತು. ತಪ್ಪಿಸಿಕೊಳ್ಳಲು 800 ಅಡಿಯವರೆಗೂ ಇಳಿದು, ಮತ್ತೆ ಮೇಲೇರುವಾಗ ಎಡಗಡೆಯ ಎಂಜಿನ್ನಿಗೆ ಬೆಂಕಿ ಹತ್ತಿತು. ಬೆಂಕಿ ಆರಿತು, ಆದರೆ ಎಂಜಿನ್ ಸತ್ತುಹೋಗಿತ್ತು. ಆಗಲೇ ಎಲ್ಲರೂ ಹಾರಿಬಿಡಬಹುದಿತ್ತು. ಆದರೆ ಅದು ಶತ್ರುವಿನ ನೆಲ, ಹಾರಿದರೆ ಸೆರೆ. ಆದಷ್ಟು ದೂರ ಮನೆಯ ಕಡೆಗೆ ಒಯ್ಯೋಣ ಅಂತ ಮ್ಯಾನ್ಸರ್ ವಿಮಾನವನ್ನು ಎಳೆದುಕೊಂಡು ಬಂದ.

ಬೆಲ್ಜಿಯಂನ ಬ್ರೇ ಪಟ್ಟಣದ ಹತ್ತಿರ ಬರುವ ಹೊತ್ತಿಗೆ ಇನ್ನಾಗುವುದಿಲ್ಲ ಅನ್ನೋದು ಖಾತ್ರಿಯಾಯಿತು. ಎಲ್ಲರೂ ಹಾರಿ ಅಂದ. ಸಹ ಪೈಲಟ್ ಬೇವಿಸ್ಟಾಕ್ ಒಂದು ಪ್ಯಾರಾಶೂಟ್ ತಂದು ಇವನ ಮುಂದೆ ಹಿಡಿದ. ಮ್ಯಾನ್ಸರ್ ಕೈಬೀಸಿ ಬೇಡ ಅಂದ. ಸ್ಟಿಯರಿಂಗ್ ಬಿಟ್ಟರೆ ವಿಮಾನ ಆ ಕ್ಷಣವೇ ಮಗುಚುತ್ತದೆ, ಉಳಿದವರು ಹಾರಲಾರರು. ಇನ್ನು ಕೆಲವೇ ಸೆಕೆಂಡು ಹಿಡಿದಿರಬಲ್ಲೆ, ನೀನು ಹೋಗು ಅಂದ. ಆರು ಜನ ಹಾರಿಕೊಂಡರು. ಅವರು ನೋಡುತ್ತಿದ್ದ ಹಾಗೇ ವಿಮಾನ ನೆಲಕ್ಕೆ ಬಿದ್ದು ಹೊತ್ತಿ ಉರಿಯಿತು.

ಇದೆಲ್ಲ ನಮಗೆ ಹೇಗೆ ಗೊತ್ತು? ಹಾರಿದವರಲ್ಲಿ ಒಬ್ಬ ಸೆರೆಸಿಕ್ಕ. ಉಳಿದ ಐವರನ್ನು ಬೆಲ್ಜಿಯಂನ ಜನ ಪ್ರಾಣ ಒತ್ತೆಯಿಟ್ಟು ಬಚ್ಚಿಟ್ಟರು. ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತಾ ಫ್ರಾನ್ಸ್, ಸ್ಪೇನ್ ಮೂಲಕ ಊರಿಗೆ ಮುಟ್ಟಿಸಿದರು. ಆ ಐವರು ಬಂದು ಹೇಳಿದ್ದರಿಂದಲೇ 1942ರ ಅಕ್ಟೋಬರ್‌ನಲ್ಲಿ ಮ್ಯಾನ್ಸರ್‌ಗೆ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಬಂತು. ಅವರು ಬಾರದೇ ಇದ್ದಿದ್ದರೆ? ದಾಳಿಗೆ ಹೋಗಿ ಹಿಂದಿರುಗದವರ ಪಟ್ಟಿಯಲ್ಲಿ ಇವನದೂ ಒಂದು ಹೆಸರು, ಅಷ್ಟೇ. ಆ ಒಂದು ರಾತ್ರಿ ಬ್ರಿಟನ್ ಕಳೆದುಕೊಂಡದ್ದು 40ಕ್ಕೂ ಹೆಚ್ಚು ವಿಮಾನ. ಇಡೀ ಯುದ್ಧದಲ್ಲಿ ಬಾಂಬರ್ ಕಮಾಂಡಿನ ಸುಮಾರು 1,25,000 ಹಾರಾಟಗಾರರಲ್ಲಿ ಸತ್ತವರು 55,573. ಅವರಲ್ಲಿ ಎಷ್ಟು ಹುಡುಗರು ಕೊನೇ ಕ್ಷಣದವರೆಗೆ ಹೀಗೇ ಹಿಡಿದು ಕೂತಿದ್ದರೋ, ಹೇಳಲು ಯಾರೂ ಉಳಿಯಲಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಮ್ಯಾನ್ಸರ್ ಬೀಳಿಸಿದ ಬೆಂಕಿ ಬಿದ್ದದ್ದು ಜನ ಇದ್ದ ಊರಿನ ಮೇಲೆ. ಆ ರಾತ್ರಿ ಕಲೋನಿನಲ್ಲಿ 450ಕ್ಕೂ ಹೆಚ್ಚು ಜನ ಸತ್ತರು, ಸುಮಾರು 45,000 ಜನ ಮನೆ ಕಳೆದುಕೊಂಡರು. ಬೆಂಕಿಯ ಮಧ್ಯೆ ಮಕ್ಕಳನ್ನು ಹೊರಗೆ ದೂಡಿ ತಾನು ಒಳಗೇ ಉಳಿದ ತಾಯಂದಿರು ಅಲ್ಲೂ ಇದ್ದಿರಲಾರರೇ? ಅವರಿಗೆ ಯಾವ ಪದಕವೂ ಇಲ್ಲ. ಬ್ರಿಟನ್ನಿಗೂ ಈ ಇರುಸುಮುರುಸು ಇದ್ದೇ ಇತ್ತು. ಬಾಂಬರ್ ಕಮಾಂಡಿನ ಸತ್ತವರಿಗೆ ಲಂಡನ್ನಿನಲ್ಲಿ ದೊಡ್ಡ ಸ್ಮಾರಕ ಎದ್ದದ್ದು 2012ರಲ್ಲಿ, ಯುದ್ಧ ಮುಗಿದು 67 ವರ್ಷ ಆದ ಮೇಲೆ. ಬಾಂಬಿಗೆ ಬಲಿಯಾದ ಎಲ್ಲ ದೇಶಗಳ ಜನರನ್ನೂ ಅಲ್ಲಿ ನೆನೆದಿದ್ದಾರೆ. ಅದು ಸರಿಯೇ.

ಮ್ಯಾನ್ಸರ್ ಸಮಾಧಿ ಬೆಲ್ಜಿಯಂನ ಹೆವರ್ಲೀಯಲ್ಲಿದೆ. ಅವನು ಕೊನೆಯ ಬಾರಿ ಹಾರಿದ್ದ ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ವಿಮಾನನೆಲೆ ಈಗಿಲ್ಲ. ಅಲ್ಲಿ ಮನೆಗಳೆದ್ದಿವೆ, ಅವನ ಹೆಸರಿನದೇ ಒಂದು ಪ್ರಾಥಮಿಕ ಶಾಲೆಯಿದೆ. ಅಲ್ಲಿ ಓದೋ ಮಕ್ಕಳಿಗೆ ಒಂದು ದಿನ 20 ವರ್ಷ ತುಂಬುತ್ತೆ. 20 ದಿನ ಕಳೆಯುತ್ತೆ. 21ನೇ ದಿನವೂ ಅವರು ಬೆಳಿಗ್ಗೆ ಎದ್ದು ಕಾಫಿಯೋ ಟೀಯೋ ಕುಡೀತಾರೆ. ಅವನಿಗೆ ಸಿಗದೇ ಹೋದದ್ದು ಅದೇ.