ಎತ್ತದ ಕರೆಯ ಚರಿತ್ರೆ

ಭಾರತದ ಮೊಬೈಲ್ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1995ರ ಜುಲೈ 31ರಿಂದ ಶುರು ಮಾಡುತ್ತಾರೆ. ಅಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದಿಲ್ಲಿಗೆ, ಕೇಂದ್ರ ಸಂಪರ್ಕ ಸಚಿವ ಸುಖ್‌ರಾಮ್ ಅವರಿಗೆ ಕರೆ ಮಾಡಿದರು. ಅವರು ಎತ್ತಿದರು, ಮಾತಾಡಿದರು. ಅಲ್ಲಿಂದ ಮುಂದಿನದೆಲ್ಲ ಲೈಸೆನ್ಸು, ತರಂಗಾಂತರ, ಟವರು, ಚಂದಾದಾರರ ಕೋಟಿಗಳ ಲೆಕ್ಕ. ಈ ಕಥೆಯಲ್ಲಿ ಮಾತಾಡಿದ ಕರೆಗಳಿಗೆ ಮಾತ್ರ ಜಾಗ, ಏಕೆಂದರೆ ಬಿಲ್ಲಾಗುವುದು ಅವು ಮಾತ್ರ. ಆದರೆ 2003ರ ನಂತರದ ಒಂದೂವರೆ ದಶಕ ಈ ದೇಶದ ಜನ ಮೊಬೈಲನ್ನು ನಿಜವಾಗಿ ಹೇಗೆ ಬಳಸಿದರು ಎಂದು ಕೇಳಿದರೆ ಉತ್ತರದ ದೊಡ್ಡ ಪಾಲು ಸಿಗುವುದು ಬಿಲ್ಲಿಗೆ ಬಾರದ, ಯಾರೂ ಎತ್ತದ ಕರೆಗಳಲ್ಲಿ. ಮಿಸ್ಡ್ ಕಾಲ್ ಎಂದರೆ ಕಾಸಿಲ್ಲದವರ ಉಪಾಯ, ಇಲ್ಲವೇ ಕಾಸಿದ್ದವರ ಜಿಪುಣತನ ಎಂದು ಹೇಳಿ ಮುಂದೆ ಹೋಗುವುದು ರೂಢಿಯಾಗಿದೆ. ಅಷ್ಟಕ್ಕೇ ಮುಗಿಸಿದರೆ ಒಂದು ದೊಡ್ಡ ಸಂಗತಿ ತಪ್ಪಿಹೋಗುತ್ತದೆ. ದರಪಟ್ಟಿ ಅವಕಾಶ ಒದಗಿಸಿತು, ನಿಜ. ಬರೀ ಸದ್ದಿಗೆ ಅರ್ಥ ತುಂಬಿದ್ದು ಮಾತ್ರ ಜನ ತಮ್ಮತಮ್ಮಲ್ಲೇ ಮೊದಲೇ ಮಾಡಿಕೊಂಡಿದ್ದ ಒಡಂಬಡಿಕೆ. ಮಿಸ್ಡ್ ಕಾಲ್‌ನ ಚರಿತ್ರೆಯನ್ನು ಈ ಒಡಂಬಡಿಕೆಯ ಚರಿತ್ರೆಯಾಗಿ ಓದಬೇಕೆಂಬುದು ನನ್ನ ವಾದ.

ಮೊದಲು ಆ ಅವಕಾಶದ ಮಾತು. ಆರಂಭದ ವರ್ಷಗಳಲ್ಲಿ ದಟ್ಟಣೆಯ ಹೊತ್ತಿನ ಕರೆಗೆ ನಿಮಿಷಕ್ಕೆ 16 ರೂಪಾಯಿಯವರೆಗೂ ಬೀಳುತ್ತಿತ್ತು. ಬರುವ ಕರೆಗೂ ದುಡ್ಡು ಕೊಡಬೇಕಿತ್ತು. 1999ರ ಹೊಸ ದೂರಸಂಪರ್ಕ ನೀತಿ ಕಂಪನಿಗಳ ಮೇಲಿದ್ದ ಲೈಸೆನ್ಸ್ ಶುಲ್ಕದ ಹೊರೆಯನ್ನು ಆದಾಯ ಹಂಚಿಕೆಗೆ ಬದಲಾಯಿಸಿತು. ನಿರ್ಣಾಯಕ ತಿರುವು ಬಂದದ್ದು 2003ರಲ್ಲಿ. ಕರೆ ಮಾಡಿದವರೇ ಹಣ ಕೊಡಬೇಕೆಂಬ ಪದ್ಧತಿ ಜಾರಿಗೆ ಬಂದು, ಒಳಬರುವ ಕರೆ ಉಚಿತವಾಯಿತು. 2005ರ ಕೊನೆಗೆ ಲೈಫ್‌ಟೈಮ್ ವ್ಯಾಲಿಡಿಟಿಯ ಸಿಮ್‌ಗಳು ಬಂದವು. ಈಗ ಒಬ್ಬರು ತಿಂಗಳುಗಟ್ಟಲೆ ಹೆಚ್ಚು ಖರ್ಚಿಲ್ಲದೆ ಫೋನನ್ನು ಜೀವಂತ ಇಟ್ಟುಕೊಳ್ಳಬಹುದಿತ್ತು. ಕರ್ನಾಟಕದಲ್ಲಿ ಫೋನಿನ ಬ್ಯಾಲೆನ್ಸಿಗೆ ಜನ ‘ಕರೆನ್ಸಿ’ ಎಂದರು. ಕರೆನ್ಸಿ ಖಾಲಿಯಾಗಲು ಬಂದಾಗ ಉಳಿದ ಒಂದೆರಡು ರೂಪಾಯಿಯನ್ನು ಮಾತಿಗೆ ಕಳೆಯದೆ ರಿಂಗಿಗಾಗಿ ಕಾಪಾಡಿಕೊಳ್ಳುತ್ತಿದ್ದರು. ಇದು ಸಾಧ್ಯವಾದದ್ದು ಜಾಲದ ರಚನೆಯಿಂದ. ನಂಬರು ಒತ್ತಿದಾಗ ಎಕ್ಸ್‌ಚೇಂಜುಗಳು ತಮ್ಮೊಳಗೆ ಸಂಕೇತ ಕಳಿಸಿಕೊಂಡು ಆ ಕಡೆಯ ಫೋನು ಯಾವ ಟವರಿನ ಕೆಳಗಿದೆ ಎಂದು ಹುಡುಕಿ ರಿಂಗಾಗಿಸುತ್ತವೆ. ಆ ಕಡೆಯವರು ಎತ್ತಿದ ಕ್ಷಣ ಉತ್ತರ ಬಂದಿತೆಂಬ ಸಂಕೇತ ಹಿಂದಕ್ಕೆ ಬರುತ್ತದೆ. ಮೀಟರು ಓಡತೊಡಗುವುದು ಆಗ. ಅಂದರೆ ಒಬ್ಬರನ್ನು ಹುಡುಕುವುದು, ಎಚ್ಚರಿಸುವುದು ಎಲ್ಲ ಬಿಟ್ಟಿ. ಬಾಯಿ ತೆರೆದರೆ ದುಡ್ಡು.

ಈ ಬಗೆಯ ಜಾಣತನ ಮೊಬೈಲಿಗಿಂತ ಬಹಳ ಹಳೆಯದು. 1840ಕ್ಕೆ ಮುಂಚೆ ಬ್ರಿಟನ್ನಿನಲ್ಲಿ ಕಾಗದದ ಅಂಚೆವೆಚ್ಚವನ್ನು ಸಾಮಾನ್ಯವಾಗಿ ಪಡೆದವರೇ ಕೊಡಬೇಕಿತ್ತು. ಕಾಗದದ ಹೊರಮೈಯಲ್ಲಿ ಮೊದಲೇ ಮಾತಾಡಿಕೊಂಡ ಗುರುತನ್ನು ನೋಡಿ ಸುದ್ದಿ ತಿಳಿದುಕೊಂಡು, ದುಡ್ಡು ಕೊಡದೆ ಕಾಗದವನ್ನು ವಾಪಸು ಕಳಿಸುವ ಉಪಾಯ ಅಲ್ಲಿತ್ತು. ನಮ್ಮಲ್ಲೂ ಸ್ಟಾಂಪಿಲ್ಲದ ಬೇರಿಂಗ್ ಕಾಗದಗಳು ಬರುತ್ತಿದ್ದವು; ಪಡೆದವರು ದುಪ್ಪಟ್ಟು ತೆರಬೇಕಿತ್ತು. ಮನೆಯ ಲ್ಯಾಂಡ್‌ಲೈನಿನ ಕಾಲದಲ್ಲಿ ‘ತಲುಪಿದ ಮೇಲೆ ಎರಡು ರಿಂಗ್ ಕೊಟ್ಟು ಇಡು’ ಎಂಬ ಮಾತಿತ್ತು. ಆದರೆ ಆಗಿನ ಫೋನು ಯಾರ ರಿಂಗು ಎಂದು ಹೇಳುತ್ತಿರಲಿಲ್ಲ. ಪ್ರಯಾಣದ ದಿನ, ಅಂದಾಜು ಹೊತ್ತಿಗೆ ಸದ್ದು ಬಂದರೆ ಮಾತ್ರ ಅದು ಲೆಕ್ಕ. ಮೊಬೈಲಿನ ಪುಟ್ಟ ಪರದೆ ಈ ಮಿತಿಯನ್ನು ಕಳೆಯಿತು. 2003ರಲ್ಲಿ ಬಂದ, ತಲೆಯ ಮೇಲೆ ಟಾರ್ಚಿದ್ದ ನೋಕಿಯಾ 1100ರಂಥ ಅಗ್ಗದ ಫೋನಿನಲ್ಲೂ ಕೀಲಿ ತೆಗೆದರೆ ಎಷ್ಟು ಮಿಸ್ಡ್ ಕಾಲ್ ಬಂದಿವೆ ಎಂದು ಕಾಣುತ್ತಿತ್ತು. ಪಟ್ಟಿ ತೆರೆದರೆ ಯಾರು, ಎಷ್ಟು ಹೊತ್ತಿಗೆ ಎಂಬುದೂ ಸಿಗುತ್ತಿತ್ತು. ಒಂದು ಸದ್ದಿನೊಳಗೆ ಹೆಸರು, ಸಮಯ, ಎಣಿಕೆ ಮೂರೂ ಸೇರಿದವು. ಶಾಲೆಯ ಆಟೋದವನ ಒಂದು ರಿಂಗ್ ಎಂದರೆ ಗೇಟಿನ ಮುಂದೆ ಬಂದಿದ್ದೇನೆ. ಮೇಸ್ತ್ರಿಯ ರಿಂಗ್ ಎಂದರೆ ನಾಳೆ ಕೆಲಸವಿದೆ, ಹೊರಡಿ. ಎರಡು ಸಲ ಬಂದರೆ ಹೊರಡಬೇಡಿ. ಅದೇ ರಿಂಗು ಬೇರೆ ನಂಬರಿನಿಂದ ಬಂದರೆ ಅದಕ್ಕೆ ಅರ್ಥವೇ ಇಲ್ಲ. ಮಂಗಳೂರು, ಭಟ್ಕಳದ ಕಡೆ ಗಲ್ಫಿನಲ್ಲಿ ದುಡಿಯುವವರಿದ್ದ ಮನೆಗಳಲ್ಲಿ ಐಎಸ್‌ಡಿ ದರದ ಭಾರವಿದ್ದಾಗ, ದೂರದ ನಂಬರು ಪರದೆಯ ಮೇಲೆ ಮಿನುಗಿ ಆರಿದರೆ ಅವನು ಕ್ಷೇಮ ಎಂದು ಅರ್ಥ. ಅದನ್ನು ಎತ್ತಿದರೆ ತಪ್ಪು. ಎತ್ತದಿರುವುದೇ ಪ್ರೀತಿಯ ರೀತಿಯಾಗಿದ್ದ ಸಂವಹನ ಇನ್ನಾವುದಿತ್ತೋ ನನಗೆ ತಿಳಿಯದು.

ಈ ಒಡಂಬಡಿಕೆಗಳನ್ನು ವ್ಯವಸ್ಥಿತವಾಗಿ ಅಧ್ಯಯನ ಮಾಡಿದವರಲ್ಲಿ ಮುಖ್ಯರು ಜೊನಾಥನ್ ಡಾನರ್. ಬೆಂಗಳೂರಿನಲ್ಲಿ 2005ರಲ್ಲಿ ಶುರುವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿದ್ದ ಅವರು 2007ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ಕ್ಷೇತ್ರಕಾರ್ಯ ನಡೆದದ್ದು ಆಫ್ರಿಕದ ರುವಾಂಡಾದಲ್ಲಿ, ಸಣ್ಣ ವ್ಯಾಪಾರಿಗಳು ಮತ್ತು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನಡುವೆ. ನೀನೇ ಕರೆ ಮಾಡು ಎನ್ನುವ ರಿಂಗು. ಮೊದಲೇ ಗೊತ್ತುಮಾಡಿಕೊಂಡ ಸುದ್ದಿ ಮುಟ್ಟಿಸುವ ರಿಂಗು. ನೆನಪಾಯಿತು ಎಂದಷ್ಟೇ ಹೇಳುವ ರಿಂಗು. ಹೀಗೆ ಮೂರು ಬಗೆಯನ್ನು ಅವರು ಗುರುತಿಸಿದರು. ಅದಕ್ಕಿಂತ ಮುಖ್ಯ, ಯಾರು ಯಾರಿಗೆ ರಿಂಗ್ ಕೊಡಬಹುದು ಎಂಬ ಬರೆಯದ ನಿಯಮಗಳು. ಇಬ್ಬರಲ್ಲಿ ಉಳ್ಳವರು ವಾಪಸು ಕರೆ ಮಾಡಬೇಕು. ಗಿರಾಕಿಗೆ ವ್ಯಾಪಾರಿ ರಿಂಗ್ ಕೊಟ್ಟು ಕತ್ತರಿಸಬಾರದು. ಹುಡುಗಿಯ ಮನ ಗೆಲ್ಲಬೇಕೆಂದಿರುವ ಹುಡುಗ ಅವಳಿಗೆ ಮಿಸ್ಡ್ ಕಾಲ್ ಕೊಟ್ಟರೆ ಮಾನ ಹೋದಂತೆ. ಈ ಕೊನೆಯ ಎರಡು ನಿಯಮಗಳನ್ನು ಗಮನಿಸಬೇಕು. ಕಾಸು ಉಳಿಸುವುದೇ ಉದ್ದೇಶವಾಗಿದ್ದರೆ ಕಿಸೆ ಬರಿದಾದ ಹುಡುಗ ಎಲ್ಲರಿಗೂ ರಿಂಗ್ ಕೊಡಬೇಕಿತ್ತು, ಎಲ್ಲರಿಗಿಂತ ಮೊದಲು ಅವಳಿಗೇ. ಅಲ್ಲಿ ಅವನು ಕಷ್ಟಪಟ್ಟು ದುಡ್ಡು ಖರ್ಚು ಮಾಡುತ್ತಿದ್ದ. ನಮ್ಮಲ್ಲೂ ಬೀಗರ ಮನೆಗೆ, ಸಾಹೇಬರಿಗೆ, ಸಾಲ ಕೇಳಬೇಕಾದವರಿಗೆ ಮಿಸ್ಡ್ ಕಾಲ್ ಕೊಡುವುದು ಅಸಭ್ಯತೆ ಎಂದೇ ಎಣಿಸುತ್ತಿದ್ದರು. ತಮ್ಮನಿಗೆ, ಮಗನಿಗೆ, ಸಲುಗೆಯ ಗೆಳೆಯನಿಗೆ ಕೊಡುವುದು ಹಕ್ಕು. ಮಿಸ್ಡ್ ಕಾಲ್ ಯಾರಿಗೆ ಸಲ್ಲುತ್ತದೆ ಎಂಬ ಪಟ್ಟಿಯಲ್ಲಿ ಸಲುಗೆ ಮತ್ತು ಅಂತಸ್ತಿನ ನಕ್ಷೆಯೇ ಇದೆ.

ಇಲ್ಲಿ ಕಂಪನಿಗಳ ಕಡೆಯ ಆಕ್ಷೇಪವನ್ನೂ ಕೇಳಬೇಕು. ರಿಂಗು ಬಿಟ್ಟಿಯಾದರೂ ಅದಕ್ಕೆ ಜಾಲದ ಸಾಮರ್ಥ್ಯ ಬೇಕು. ದುಡ್ಡು ಕೊಟ್ಟು ಮಾತಾಡುವವರ ಜಾಗವನ್ನು ಇದು ಕಸಿಯುತ್ತದೆ, ಆದ್ದರಿಂದ ಇದು ಪುಕ್ಕಟೆ ಸವಾರಿ ಎಂಬುದು ಆ ವಾದ. ಅರ್ಧ ಸತ್ಯ. ವಾಪಸು ಬರುವ ಕರೆಗೆ ಹಣ ಬೀಳುತ್ತಿತ್ತಲ್ಲ. ಎಷ್ಟೋ ಮಿಸ್ಡ್ ಕಾಲ್‌ಗಳು ಇಲ್ಲದಿದ್ದರೆ ಆಗಲಾರದ ಮಾತುಕತೆಗಳನ್ನು ಹುಟ್ಟಿಸಿದವು. ದಕ್ಷಿಣ ಆಫ್ರಿಕದ ವೋಡಾಕಾಮ್ ಇದನ್ನು ಬೇಗ ಅರಿತು, 2001ರಲ್ಲೇ ‘ದಯವಿಟ್ಟು ನನಗೆ ಕರೆ ಮಾಡಿ’ ಎಂದು ಪುಕ್ಕಟೆ ಸಂದೇಶ ಕಳಿಸುವ ಸೇವೆ ತಂದಿತು. ಆ ಯೋಚನೆ ತನ್ನದೆಂದು, ಪಾಲು ಬರಬೇಕೆಂದು ಅಲ್ಲಿನ ಹಿಂದಿನ ನೌಕರರೊಬ್ಬರು ಹೂಡಿದ ದಾವೆ ಸಂವಿಧಾನ ನ್ಯಾಯಾಲಯದವರೆಗೆ ಹೋಗಿ, 2016ರಲ್ಲಿ ಅವರ ಪರ ತೀರ್ಪಾಯಿತು. ನಮ್ಮ ಮಿಸ್ಡ್ ಕಾಲ್ ಬಗ್ಗೆ ಅಂಥ ದಾವೆ ಹೂಡಲು ಯಾರಿಗೂ ಆಗದು. ಅದನ್ನು ಕಂಡುಹಿಡಿದವರು ಲಕ್ಷಾಂತರ ಮಂದಿ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಹೆಂಗಸರ ಕಡೆಯಿಂದ ಬರುತ್ತದೆ. ಇದೇ ಬಿಟ್ಟಿ ರಿಂಗು ಅವರಿಗೆ ಕಾಟವೂ ಆಯಿತು. ಎಲ್ಲಿಂದಲೋ ನಂಬರು ಗಿಟ್ಟಿಸಿಕೊಂಡು ಹಗಲು ರಾತ್ರಿ ರಿಂಗ್ ಕೊಟ್ಟು ಪೀಡಿಸುವುದು ಎಷ್ಟು ಹಬ್ಬಿತ್ತೆಂದರೆ, ಉತ್ತರ ಪ್ರದೇಶ ಸರ್ಕಾರ 2012ರಲ್ಲಿ ಫೋನಿನ ಮೂಲಕ ಕಿರುಕುಳ ಅನುಭವಿಸುವ ಹೆಂಗಸರಿಗಾಗಿ 1090 ಎಂಬ ಸಹಾಯವಾಣಿ ತೆರೆಯಬೇಕಾಯಿತು. ಮಾನವಶಾಸ್ತ್ರಜ್ಞ ಅಸ್ಸಾ ಡೋರನ್ ಬನಾರಸಿನ ಕುಟುಂಬಗಳ ನಡುವೆ ಮಾಡಿದ ಅಧ್ಯಯನದಲ್ಲಿ, ಹೊಸ ಸೊಸೆಯ ಕೈಗೆ ಫೋನು ಕೊಡಲು ಅತ್ತೆ ಮನೆಯವರು ಹೇಗೆ ಹಿಂಜರಿಯುತ್ತಿದ್ದರು ಎಂಬುದು ದಾಖಲಾಗಿದೆ. ಅಪರಿಚಿತನ ಒಂದು ರಿಂಗ್ ಅವಳ ಮೇಲೆ ಸಂಶಯ ಹುಟ್ಟಿಸಲು ಸಾಕಿತ್ತು. ಮಿಸ್ಡ್ ಕಾಲ್ ಅನ್ನು ಬಡವರ ಜಾಣ್ಮೆಯೆಂದು ಹಾಡಿಹೊಗಳುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ, ಹಾಗೆ ಮಾಡಬಾರದು. ಈ ಹಿಂಸೆಯ ಸ್ವರೂಪ ನೋಡಿದರೆ ನನ್ನ ವಾದವೇ ಗಟ್ಟಿಯಾಗುತ್ತದೆ. ಗಂಡನ ರಿಂಗಿಗೂ ಪೀಡಕನ ರಿಂಗಿಗೂ ಸದ್ದಿನಲ್ಲಿ, ದರದಲ್ಲಿ, ಜಾಲದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಇರುವ ವ್ಯತ್ಯಾಸ ಆ ಕಡೆಯವಳು ಒಪ್ಪಿದ್ದಳೋ ಇಲ್ಲವೋ ಎಂಬುದೊಂದೇ.

2010ರ ಹೊತ್ತಿಗೆ ಈ ರೂಢಿ ಮನೆಯಿಂದ ಮಾರುಕಟ್ಟೆಗೆ ಬಂತು. ಬೆಂಗಳೂರಿನಲ್ಲಿ ಆ ವರ್ಷ ಹುಟ್ಟಿದ ಜಿಪ್‌ಡಯಲ್ ಕಂಪನಿ, ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಕ್ರಿಕೆಟ್ ಸ್ಕೋರು, ಕಂಪನಿಗಳ ಮಾಹಿತಿ ಸಿಗುವಂತೆ ಮಾಡಿತು. 2015ರ ಜನವರಿಯಲ್ಲಿ ಟ್ವಿಟರ್ ಅದನ್ನು ಕೊಂಡಿತು. 2011ರ ಅಣ್ಣಾ ಹಜಾರೆ ಚಳವಳಿ ಬೆಂಬಲವನ್ನು ಮಿಸ್ಡ್ ಕಾಲ್‌ನಲ್ಲಿ ಎಣಿಸಿತು. ಭಾರತೀಯ ಜನತಾ ಪಕ್ಷ 2014ರ ಕೊನೆಯಲ್ಲಿ ಸದಸ್ಯತ್ವವನ್ನೇ ಮಿಸ್ಡ್ ಕಾಲ್‌ಗೆ ತೆರೆಯಿತು. ಹಿಂದುಸ್ತಾನ್ ಯೂನಿಲಿವರ್ 2013ರಲ್ಲಿ ಬಿಹಾರ, ಜಾರ್ಖಂಡ್‌ಗಳಲ್ಲಿ ಶುರು ಮಾಡಿದ ‘ಕಾನ್ ಖಜೂರಾ ಟೇಸನ್’ನಲ್ಲಿ ಮಿಸ್ಡ್ ಕಾಲ್ ಕೊಟ್ಟವರಿಗೆ ವಾಪಸು ಕರೆ ಬಂದು ಹಾಡು, ಹಾಸ್ಯದ ನಡುವೆ ಸೋಪಿನ ಜಾಹೀರಾತು ಕೇಳುತ್ತಿತ್ತು. ವಿದ್ಯುತ್ತು, ಟಿವಿ ಇಲ್ಲದ ಹಳ್ಳಿಗಳಿಗೆ ಮನರಂಜನೆ ಮುಟ್ಟಿತು ಎಂದು ಅದನ್ನು ಹೊಗಳಿದರು. ಅದೇ ಉಪಾಯವನ್ನು 2010ರಲ್ಲಿ ಶುರುವಾದ ಛತ್ತೀಸಗಢದ ಸಿಜಿನೆಟ್ ಸ್ವರ ಬಳಸಿದ ರೀತಿ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಪತ್ರಕರ್ತ ಶುಭ್ರಾಂಶು ಚೌಧರಿ ಬೆಂಗಳೂರಿನ ಸಂಶೋಧಕರ ನೆರವಿನಿಂದ ಕಟ್ಟಿದ ಈ ವ್ಯವಸ್ಥೆಯಲ್ಲಿ, ಕಾಡಿನಂಚಿನ ಜನ ಫೋನಿನಲ್ಲೇ ತಮ್ಮ ಸುದ್ದಿ ದಾಖಲಿಸುತ್ತಿದ್ದರು: ಶಾಲೆಗೆ ಮೇಷ್ಟ್ರು ಬರುತ್ತಿಲ್ಲ, ಕೂಲಿ ಬಂದಿಲ್ಲ, ಕೈಪಂಪು ಕೆಟ್ಟಿದೆ. ರಿಂಗ್ ಕೊಟ್ಟರೆ ಯಂತ್ರವೇ ವಾಪಸು ಕರೆ ಮಾಡುವುದರಿಂದ ಅವರ ಕರೆನ್ಸಿ ಖರ್ಚಾಗುತ್ತಿರಲಿಲ್ಲ. ಉಳ್ಳವರು ವಾಪಸು ಕರೆ ಮಾಡಬೇಕೆಂಬ ನಿಯಮ ಎರಡೂ ಕಡೆ ಇದೆ. ಒಂದು ಕಡೆ ಉಳ್ಳವರು ಮಾತಾಡಿದರು, ಇನ್ನೊಂದು ಕಡೆ ಕೇಳಿಸಿಕೊಂಡರು.

ಕೊನೆಯ ಆಕ್ಷೇಪ ಸರಳವಾದದ್ದು, ಬಲವಾದದ್ದೂ ಹೌದು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಮಾತು ಉಚಿತವಾದ ಮೇಲೆ ಮಿಸ್ಡ್ ಕಾಲ್ ಸೊರಗಿತಲ್ಲವೇ? ಹಾಗಾದರೆ ದರವೇ ಎಲ್ಲವೂ ಆಗಿತ್ತು ಎಂದಾಗಲಿಲ್ಲವೇ? ಮುಂದಿನ ಐದು ವರ್ಷಗಳಲ್ಲಿ ನಡೆದದ್ದು ಇದಕ್ಕೆ ತಿರುಗುತ್ತರ ಕೊಡುತ್ತದೆ. ಒಂದು ಕಂಪನಿಯ ಗ್ರಾಹಕ ಇನ್ನೊಂದಕ್ಕೆ ಕರೆ ಮಾಡಿದರೆ, ಮೊದಲನೆಯದು ಎರಡನೆಯದಕ್ಕೆ ನಿಮಿಷಕ್ಕಿಷ್ಟು ಕೊಡಬೇಕಿತ್ತು. 2017ರ ಅಕ್ಟೋಬರಿನಿಂದ ಅದು 6 ಪೈಸೆ. ಮಾತು ಉಚಿತವಿದ್ದ ಜಿಯೋ ಗ್ರಾಹಕರಿಗೆ ಏರ್‌ಟೆಲ್, ವೊಡಾಫೋನ್ ಐಡಿಯಾದ 2ಜಿ ಗ್ರಾಹಕರು ರಿಂಗ್ ಕೊಟ್ಟು ಇಡುವರು, ಇವರು ವಾಪಸು ಮಾಡುವರು, ಪೈಸೆ ಆ ಕಂಪನಿಗಳಿಗೆ ಹೋಗುವುದು. ಉಳ್ಳವರು ವಾಪಸು ಕರೆ ಮಾಡಬೇಕೆಂಬ ಹಳೆಯ ನಿಯಮವನ್ನು ಜನ ಹೊಸ ಪರಿಸ್ಥಿತಿಗೆ ಒಂದೇ ಏಟಿಗೆ ಹೊಂದಿಸಿಕೊಂಡರು: ಈಗ ಉಳ್ಳವರೆಂದರೆ ಜಿಯೋ ಸಿಮ್ ಇದ್ದವರು. ದಿನಕ್ಕೆ 25ರಿಂದ 30 ಕೋಟಿ ಮಿಸ್ಡ್ ಕಾಲ್ ತನ್ನ ಜಾಲಕ್ಕೆ ಬರುತ್ತಿವೆ ಎಂದು ಜಿಯೋ 2019ರ ಅಕ್ಟೋಬರಿನಲ್ಲಿ ಹೇಳಿತು. ಜಗಳದ ನಡುವೆ ಒಂದು ಪಕ್ಷ ಕೊಟ್ಟ ಅಂಕಿ ಇದು, ಎಚ್ಚರದಿಂದ ಓದಬೇಕು. ಅರ್ಧಕ್ಕೆ ಇಳಿಸಿದರೂ ಸತ್ತ ರೂಢಿಯ ಲೆಕ್ಕ ಇದಾಗದು. ಅದೇ ತಿಂಗಳು ಜಗಳ ರಿಂಗಿನ ಉದ್ದಕ್ಕೇ ಬಂತು. ಜಿಯೋ ರಿಂಗಾಗುವ ಅವಧಿಯನ್ನು ಇಳಿಸಿ, ಎತ್ತುವ ಮುಂಚೆಯೇ ಕರೆ ಕಡಿದು, ತಮ್ಮ ಗ್ರಾಹಕರೇ ವಾಪಸು ಮಾಡುವಂತೆ ಮಾಡುತ್ತಿದೆ ಎಂದು ಏರ್‌ಟೆಲ್ ದೂರಿತು. ಬಳಿಕ ಉಳಿದವರೂ 25 ಸೆಕೆಂಡಿಗೆ ಇಳಿಸಿದರು. ನವೆಂಬರ್ 1ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಮೊಬೈಲಿಗೆ 30 ಸೆಕೆಂಡು, ಲ್ಯಾಂಡ್‌ಲೈನಿಗೆ 60 ಸೆಕೆಂಡು ಎಂದು ಗೊತ್ತುಮಾಡಿತು. ಜನರ ನಡುವಿನ ಬರೆಯದ ಒಪ್ಪಂದವೊಂದು ಸರ್ಕಾರಿ ನಿಯಮದಲ್ಲಿ ಸೆಕೆಂಡಿನ ಅಳತೆಯಾಗಿ ಮೂಡಿದ್ದು ಹೀಗೆ.

ಇನ್ನೊಂದು ಕಾಕತಾಳೀಯವೂ ಉಲ್ಲೇಖಕ್ಕೆ ಯೋಗ್ಯ. ಆ 6 ಪೈಸೆ ಪೂರ್ತಿ ರದ್ದಾದದ್ದು 2021ರ ಜನವರಿ 1ರಂದು. ಅದೇ ದಿನ ಇಂಡೇನ್ ಗ್ಯಾಸ್ ಸಿಲಿಂಡರನ್ನು ಮಿಸ್ಡ್ ಕಾಲ್ ಕೊಟ್ಟು ಬುಕ್ ಮಾಡುವ ಸೌಲಭ್ಯ ದೇಶದಲ್ಲಿ ಶುರುವಾಯಿತು. ಬೆಲೆಯ ಕಾರಣ ಕಾನೂನಿನಲ್ಲಿ ಕೊನೆಗೊಂಡ ದಿನ, ರೂಢಿ ಸರ್ಕಾರಿ ಕಂಪನಿಯ ಬಾಗಿಲಲ್ಲಿ ಹೊಸದಾಗಿ ದಾಖಲಾಯಿತು. ಸಿಲಿಂಡರಿನ ರಿಂಗು ತಾಯಿ ಮಗನ ನಡುವಿನ ರಿಂಗಲ್ಲ, ಒಪ್ಪುತ್ತೇನೆ. ಅಲ್ಲಿ ನಂಬರನ್ನು ಗುರುತಿಸುವುದು ಯಂತ್ರ. ಆದರೆ ಒಂದು ರಿಂಗ್ ಕೊಟ್ಟು ಇಟ್ಟರೆ ಆ ಕಡೆ ಅರ್ಥವಾಗುತ್ತದೆ ಎಂದು ಕೋಟಿಗಟ್ಟಲೆ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮನೆಮನೆಯಲ್ಲಿ ಬಳಕೆಯಲ್ಲಿದ್ದ ಸಂಕೇತಗಳಾದರೋ ಕಂಪನಿಯ ಬಿಲ್ಲುಗಳಲ್ಲಿಲ್ಲ, ಟ್ರಾಯ್ ವರದಿಗಳಲ್ಲಿಲ್ಲ. ಅವುಗಳನ್ನು ಬಳಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಗಾದೆ, ಒಗಟು, ಸೋಬಾನೆ ಪದಗಳನ್ನು ಊರೂರು ತಿರುಗಿ ಬರೆದುಕೊಂಡ ನಾಡು ಇದು. ಹಾವೇರಿಯ ಜಾನಪದ ವಿಶ್ವವಿದ್ಯಾಲಯದವರೋ, ಆಸಕ್ತ ಮೇಷ್ಟ್ರುಗಳೋ ಆಟೋ ಸ್ಟ್ಯಾಂಡು, ಮಾರುಕಟ್ಟೆ, ಗಲ್ಫಿನಿಂದ ಮರಳಿದವರ ಮನೆಗಳಿಗೆ ಹೋಗಿ, ಯಾರ ಎಷ್ಟು ರಿಂಗಿಗೆ ಯಾವ ಅರ್ಥವಿತ್ತು, ಯಾರಿಗೆ ರಿಂಗ್ ಕೊಡುವಂತಿರಲಿಲ್ಲ, ಎತ್ತಿಬಿಟ್ಟಾಗ ಏನಾಯಿತು ಎಂದು ಕೇಳಿ ಬರೆದಿಡುವ ಕೆಲಸವನ್ನು ಈಗಲೇ ಕೈಗೆತ್ತಿಕೊಳ್ಳಬೇಕು.